ನರಭಕ್ಷಕ ಎಂದು ಕರೆದ ಮೇಲೆ

ಲಂಚಕೋರ ಎಂಬ ಪದದ ಕೊನೆಯ ಎರಡಕ್ಷರಕ್ಕೂ ಮನುಷ್ಯರನ್ನು ತಿನ್ನುವ ಹುಲಿಗೂ ಸುಮಾರು 2,400 ವರ್ಷಗಳ ನಂಟಿದೆ. ಮೈಸೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಜಿಲ್ಲಾ ಸುದ್ದಿ ತಿದ್ದುತ್ತಿದ್ದ ಕಾಲದಲ್ಲಿ ಲಂಚಕೋರ ಮತ್ತು ನರಭಕ್ಷಕ ಎರಡೂ ನನ್ನ ಮೇಜಿಗೆ ಬರುತ್ತಿದ್ದವು. ಒಂದು ಲೋಕಾಯುಕ್ತ ದಾಳಿಯ ಸುದ್ದಿಯಲ್ಲಿ, ಇನ್ನೊಂದು ಬಂಡೀಪುರ, ನಾಗರಹೊಳೆ ಅಂಚಿನ ಊರುಗಳ ಸುದ್ದಿಯಲ್ಲಿ. ಮೊದಲನೆಯದನ್ನು ಬಳಸುವಾಗ ಡೆಸ್ಕಿನಲ್ಲಿ ಎಲ್ಲರೂ ಎಚ್ಚರ. ಆರೋಪ ಸಾಬೀತಾಗುವ ಮುಂಚೆ ಯಾರನ್ನೂ ಲಂಚಕೋರ ಎನ್ನುವಂತಿಲ್ಲ, ‘ಲಂಚ ಪಡೆದ ಆರೋಪ’ ಎಂದೇ ಬರೆಯಬೇಕು. ಎರಡನೆಯದಕ್ಕೆ ಅಂಥ ಕಟ್ಟುಪಾಡು ಇರಲಿಲ್ಲ. ಬೆಳಗ್ಗೆ ಒಬ್ಬ ದನಗಾಹಿ ಸತ್ತರೆ ಸಂಜೆಯ ಹೊತ್ತಿಗೆ ಆ ಕಾಡಿನಲ್ಲಿ ಓಡಾಡುವ ಹುಲಿ ನರಭಕ್ಷಕ ಆಗಿಬಿಡುತ್ತಿತ್ತು.

ಈ ಹೆಸರಿನ ಹಿಂದೆ ಬಿದ್ದು ಓದುತ್ತಾ ಹೋದಷ್ಟೂ ನನಗೆ ಒಂದು ಸಂಗತಿ ಗಟ್ಟಿಯಾಗುತ್ತಾ ಬಂತು. ಯಾರು ಯಾರನ್ನು ತಿಂದರು ಎಂಬುದಕ್ಕಿಂತ, ಹೆಸರಿಟ್ಟವರು ಮುಂದೆ ಏನು ಮಾಡಬೇಕೆಂದಿದ್ದರು ಎಂಬುದನ್ನೇ ಈ ಪದ ಹೆಚ್ಚು ಹೇಳುತ್ತದೆ. ಹುಲಿಯ ವಿಷಯದಲ್ಲೂ ಅಷ್ಟೇ, ಮನುಷ್ಯರ ವಿಷಯದಲ್ಲೂ ಅಷ್ಟೇ.

ಕ್ರಿಸ್ತಪೂರ್ವ 400ರ ಆಸುಪಾಸಿನಲ್ಲಿ ಪರ್ಷಿಯಾದ ದೊರೆ ಎರಡನೆಯ ಅರ್ತಕ್ಸರ್ಕ್ಸೆಸನ ಆಸ್ಥಾನದಲ್ಲಿ ಕ್ಟೀಸಿಯಸ್ ಎಂಬ ಗ್ರೀಕ್ ವೈದ್ಯನಿದ್ದ. ಅವನು ಭಾರತಕ್ಕೆ ಬಂದವನಲ್ಲ. ಆದರೂ ಆಸ್ಥಾನಕ್ಕೆ ಬಂದು ಹೋಗುವವರ ಮಾತು ಕೇಳಿಕೊಂಡು ‘ಇಂಡಿಕಾ’ ಎಂಬ ಪುಸ್ತಕ ಬರೆದ. ಮೂಲ ಪುಸ್ತಕ ಕಳೆದುಹೋಗಿದೆ. 9ನೇ ಶತಮಾನದಲ್ಲಿ ಫೋಟಿಯಸ್ ಎಂಬ ಪಂಡಿತ ಮಾಡಿಟ್ಟ ಸಾರಾಂಶ ಮತ್ತು ಬೇರೆಯವರು ಉದ್ಧರಿಸಿದ ಚೂರುಗಳು ಉಳಿದಿವೆ. ಅದರಲ್ಲಿ ಭಾರತದ ಒಂದು ಪ್ರಾಣಿಯ ವರ್ಣನೆ ಇದೆ. ಸಿಂಹದಷ್ಟು ದೊಡ್ಡದು, ಇಂಗಲೀಕದ ಕೆಂಪು ಬಣ್ಣ, ಮನುಷ್ಯನ ಮುಖ, ಬಾಯಲ್ಲಿ ಮೂರು ಸಾಲು ಹಲ್ಲು, ಚೇಳಿನಂಥ ಬಾಲ. ಬಾಲದ ಮುಳ್ಳುಗಳನ್ನು ಬಾಣದ ಹಾಗೆ ದೂರಕ್ಕೆ ಎಸೆಯುತ್ತದಂತೆ. ಭಾರತೀಯರು ಆನೆಯ ಮೇಲೆ ಕೂತು ಇದನ್ನು ಬೇಟೆಯಾಡುತ್ತಾರಂತೆ. ಹೆಸರು ‘ಮರ್ತಿಖೋರ’. ಗ್ರೀಕಿನಲ್ಲಿ ಇದಕ್ಕೆ ‘ಆಂಥ್ರೊಪೊಫಗೊಸ್’, ಅಂದರೆ ಮನುಷ್ಯರನ್ನು ತಿನ್ನುವುದು, ಎಂದು ಅವನೇ ಅರ್ಥವನ್ನೂ ಕೊಟ್ಟ.

ಹಳೆಯ ಪರ್ಷಿಯನ್ನಿನಲ್ಲಿ ‘ಮರ್ತಿಯ’ ಎಂದರೆ ಮನುಷ್ಯ. ಸಂಸ್ಕೃತದ ಮರ್ತ್ಯಕ್ಕೆ ಅಣ್ಣನೋ ತಮ್ಮನೋ ಆಗಬೇಕಾದ ಪದ. ನಮ್ಮ ವಚನಕಾರರು ಮತ್ತೆ ಮತ್ತೆ ಹೇಳುವ ಮರ್ತ್ಯಲೋಕದ ಮರ್ತ್ಯ ಅದೇ. ‘ಖ್ವರ್’ ಎಂದರೆ ತಿನ್ನು. ಇದು ಮುಂದೆ ಪಾರಸಿಯಲ್ಲಿ ‘ಖೋರ್’ ಆಗಿ, ದಖ್ಖನಿನ ಸುಲ್ತಾನರ ದಫ್ತರು, ಮರಾಠಿಯ ಆಡುಮಾತು ಎಲ್ಲ ದಾಟಿ ಕನ್ನಡಕ್ಕೆ ‘ಕೋರ’ ಎಂದು ಬಂತು. ಲಂಚ ತಿನ್ನುವವನು ಲಂಚಕೋರ. ಆಮೇಲೆ ತಿನ್ನುವ ಅರ್ಥ ಮಸುಕಾಗಿ ದಂಗೆಕೋರ, ಜಗಳಕೋರ, ಗಲಭೆಕೋರ ಎಲ್ಲ ಹುಟ್ಟಿಕೊಂಡವು. ಹಿಂದಿ, ಉರ್ದುವಿನಲ್ಲಿ ಮನುಷ್ಯರನ್ನು ತಿನ್ನುವ ಹುಲಿ ಇಂದಿಗೂ ‘ಆದಮ್‌ಖೋರ್’. ಹೀಗೆ ಭಾರತದ ಹುಲಿಗೆ ಪರ್ಷಿಯಾದಲ್ಲಿ ಇಟ್ಟ ಹೆಸರಿನ ಎರಡೂ ತುಂಡುಗಳು ಕನ್ನಡದಲ್ಲಿ ಬದುಕಿವೆ, ಒಂದು ಶರಣರ ಮಾತಿನಲ್ಲಿ, ಇನ್ನೊಂದು ಸರ್ಕಾರಿ ಕಚೇರಿಯ ಸುದ್ದಿಯಲ್ಲಿ.

ಅದು ಹುಲಿಯೇ ಎಂದು ಯಾರು ಹೇಳಿದರು? ಕ್ರಿಸ್ತಶಕ 2ನೇ ಶತಮಾನದ ಪೌಸೇನಿಯಸ್ ಎಂಬ ಗ್ರೀಕ್ ಯಾತ್ರಿಕ. ಮೂರು ಸಾಲು ಹಲ್ಲು, ಬಾಲದ ಬಾಣ ಇವೆಲ್ಲ ನಿಜವಲ್ಲ, ಆ ಪ್ರಾಣಿಯ ಮೇಲಿನ ವಿಪರೀತ ಭಯದಿಂದ ಭಾರತೀಯರು ಹೀಗೆ ಹೇಳಿಕೊಂಡು ಬಂದಿರಬೇಕು, ಇದು ಹುಲಿಯೇ ಎಂದು ನನಗನಿಸುತ್ತದೆ ಎಂದು ಆತ ಬರೆದ. ಭಯವೇ ವರ್ಣನೆಯನ್ನು ಹಿಗ್ಗಿಸುತ್ತದೆ ಎಂದು 1,800 ವರ್ಷಗಳ ಹಿಂದೆ ಬರೆದ ಈ ಮನುಷ್ಯನ ಮೇಲೆ ನನಗೆ ತುಂಬಾ ಗೌರವ. ಆದರೆ ಅವನ ಮಾತನ್ನು ಕೇಳಿದವರು ಕಡಿಮೆ. ಅರಿಸ್ಟಾಟಲನ ಪ್ರಾಣಿಶಾಸ್ತ್ರದ ಹಸ್ತಪ್ರತಿಗಳಲ್ಲಿ ಲಿಪಿಕಾರರ ಕೈತಪ್ಪಿನಿಂದ ‘ರ’ ಹೋಗಿ ‘ನ’ ಬಂತು, ಮರ್ತಿಖೋರ ‘ಮಂತಿಖೋರ’ ಆಯಿತು. ರೋಮಿನ ಪ್ಲಿನಿ ಅದನ್ನೇ ಎತ್ತಿಕೊಂಡ. ಅಲ್ಲಿಂದ ಯುರೋಪಿನ ಮಧ್ಯಯುಗದ ಪ್ರಾಣಿ ಪುಸ್ತಕಗಳಿಗೆ ‘ಮ್ಯಾಂಟಿಕೋರ್’ ಎಂಬ ರಾಕ್ಷಸ ಪ್ರಾಣಿಯಾಗಿ ಹೊಕ್ಕಿತು. ಈಗಿನ ಮಕ್ಕಳು ವಿಡಿಯೋ ಗೇಮುಗಳಲ್ಲಿ ಕೊಲ್ಲುವ ರೆಕ್ಕೆಯ ಮ್ಯಾಂಟಿಕೋರ್ ಇದೇ. ನಮ್ಮ ಹುಲಿ ಅಷ್ಟು ದೂರ ಹೋಗಿ ಗುರುತು ಸಿಗದಂತಾಯಿತು.

ಮನುಷ್ಯರಿಗೂ ಈ ಹೆಸರನ್ನು ಮೊದಲು ಅಂಟಿಸಿದವರಲ್ಲಿ ಗ್ರೀಕರೇ ಮುಂದು. ಹೆರೊಡೋಟಸ್ ತನ್ನ ಚರಿತ್ರೆಯಲ್ಲಿ ಸಿಥಿಯನ್ನರ ನಾಡಿನಾಚೆ, ಉತ್ತರದ ಕೊನೆಯಲ್ಲಿ ‘ಆಂಡ್ರೊಫಗೊಯ್’ ಎಂಬ ಜನರಿದ್ದಾರೆ, ಅವರಿಗೆ ನ್ಯಾಯವೂ ಇಲ್ಲ, ಕಾನೂನೂ ಇಲ್ಲ ಎಂದ. ಅವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರು ಎಂಬುದನ್ನು ಅವನು ದಾಖಲಿಸಲಿಲ್ಲ. ತಿಳಿದ ಲೋಕ ಮುಗಿಯುವ ಗಡಿಯಲ್ಲಿ ನರಭಕ್ಷಕರನ್ನು ಕೂರಿಸುವ ಪದ್ಧತಿ ಅಂದಿನಿಂದ ನಡೆದುಕೊಂಡೇ ಬಂತು.

ಆದರೆ ಅದೇ ಹೆರೊಡೋಟಸ್ ಬೇರೆಡೆ ಹೇಳುವ ಒಂದು ಪ್ರಸಂಗವನ್ನು ನಾನು ಎಷ್ಟು ಬಾರಿಯಾದರೂ ಓದಬಲ್ಲೆ. ಪರ್ಷಿಯಾದ ದೊರೆ ದಾರಿಯಸ್ ತನ್ನ ಆಸ್ಥಾನದ ಗ್ರೀಕರನ್ನು ಕರೆಸಿ, ಎಷ್ಟು ಹಣ ಕೊಟ್ಟರೆ ಸತ್ತ ನಿಮ್ಮ ತಂದೆಯ ದೇಹವನ್ನು ತಿನ್ನುತ್ತೀರಿ ಎಂದು ಕೇಳಿದ. ಎಷ್ಟು ಕೊಟ್ಟರೂ ಇಲ್ಲ ಎಂದರು. ಆಮೇಲೆ ಕಲ್ಲಾಟಿಯರು ಎಂಬ ಭಾರತದ ಜನರನ್ನು ಕರೆಸಿದ. ಇವರಲ್ಲಿ ಸತ್ತ ತಂದೆತಾಯಿಯನ್ನು ತಿನ್ನುವುದೇ ಸಂಸ್ಕಾರ ಎನ್ನುತ್ತಾನೆ ಹೆರೊಡೋಟಸ್. ಗ್ರೀಕರ ಎದುರಿನಲ್ಲೇ ದೊರೆ ಅವರನ್ನು ಕೇಳಿದ: ಎಷ್ಟು ಕೊಟ್ಟರೆ ತಂದೆಯ ದೇಹವನ್ನು ಬೆಂಕಿಯಲ್ಲಿ ಸುಡುತ್ತೀರಿ? ಅವರು ಕೂಗಿಕೊಂಡು, ಅಂಥ ಮಾತೇ ಆಡಬೇಡ ಎಂದು ಬೇಡಿಕೊಂಡರು. ಕಲ್ಲಾಟಿಯರು ನಿಜಕ್ಕೂ ಹಾಗೆ ಮಾಡುತ್ತಿದ್ದರೋ ಇಲ್ಲವೋ, ಪ್ರಶ್ನೆಯನ್ನು ಎರಡೂ ಕಡೆ ಕೇಳಿದ್ದು ದೊಡ್ಡದು.

ಇಪ್ಪತ್ತನೆಯ ಶತಮಾನದಲ್ಲಿ ಅಂಥದೇ ಪ್ರಶ್ನೆ ಪಪುವಾ ನ್ಯೂಗಿನಿಯ ಪೂರ್ವದ ಬೆಟ್ಟಗಳಲ್ಲಿ ಎದ್ದಿತು. ಅಲ್ಲಿನ ಫೋರೆ ಜನ ಸತ್ತ ಬಂಧುಗಳ ದೇಹವನ್ನು ತಿನ್ನುತ್ತಿದ್ದರು. ಮಣ್ಣಿನಲ್ಲಿ ಹುಳು ತಿನ್ನುವುದಕ್ಕಿಂತ ಪ್ರೀತಿಸಿದವರೇ ತಮ್ಮೊಳಗೆ ಇಟ್ಟುಕೊಳ್ಳುವುದು ಮೇಲು ಎಂಬುದು ಅವರ ಭಾವನೆ. ಆ ಮೂಲಕ ‘ಕುರು’ ಎಂಬ ಮಿದುಳಿನ ಕಾಯಿಲೆ, ಅದರಲ್ಲೂ ಹೆಂಗಸರಿಗೆ ಮತ್ತು ಮಕ್ಕಳಿಗೆ, ಹರಡಿತು. ಮೈ ನಡುಗಿ, ನಡಿಗೆ ತಪ್ಪಿ, ಕೊನೆಗೆ ಸಾವು. ಅದನ್ನು ಅಧ್ಯಯನ ಮಾಡಿದ ಕಾರ್ಲ್ಟನ್ ಗೈಡುಸೆಕ್‌ಗೆ 1976ರಲ್ಲಿ ನೊಬೆಲ್ ಬಂತು. ಆ ಪದ್ಧತಿ ಆಗಲೇ ನಿಂತಿತ್ತು. ಒಬ್ಬರನ್ನೂ ಕೊಲ್ಲದೆ, ಅಳುತ್ತಾ ತಾಯಿಯ ಅಂತ್ಯಕ್ರಿಯೆ ಮಾಡಿದ ಮಗಳಿಗೂ ನೂರಾರು ಜನರನ್ನು ಕೊಂದ ಚಂಪಾವತದ ಹುಲಿಗೂ ಒಂದೇ ಹೆಸರು ಎಂದಾದರೆ ಆ ಹೆಸರು ಏನನ್ನು ತಿಳಿಸಿದ ಹಾಗಾಯಿತು?

ನಮ್ಮ ಕಡೆಯ ಹಳೆಯ ಪದ ‘ಪುರುಷಾದ’. ಪುರುಷ, ಆಮೇಲೆ ತಿನ್ನು ಎಂಬರ್ಥದ ‘ಅದ್’ ಧಾತು. ಮಹಾಭಾರತದ ಆದಿಪರ್ವದಲ್ಲಿ ಕಲ್ಮಾಷಪಾದ ಎಂಬ ದೊರೆಯ ಕತೆ ಬರುತ್ತದೆ. ಕಾಡಿನ ಕಿರುದಾರಿಯಲ್ಲಿ ವಸಿಷ್ಠರ ಮಗ ಶಕ್ತಿ ಎದುರಾದ. ಯಾರು ದಾರಿ ಬಿಡಬೇಕು ಎಂದು ಮಾತಿಗೆ ಮಾತು ಬೆಳೆದು ದೊರೆ ಚಾಟಿಯಿಂದ ಹೊಡೆದ. ನರಮಾಂಸ ತಿನ್ನುವವನಾಗು ಎಂದು ಶಾಪ ಬಂತು. ಮೊದಲು ಬಲಿಯಾದವನು ಶಾಪ ಕೊಟ್ಟ ಶಕ್ತಿಯೇ. ಬೌದ್ಧರ ಮಹಾಸುತಸೋಮ ಜಾತಕದಲ್ಲಿ ಇದೇ ಪದ ಪಾಲಿಗೆ ತಿರುಗಿ ‘ಪೋರಿಸಾದ’ ಆಗಿದೆ. ಅಲ್ಲಿನ ಕಾಶಿಯ ದೊರೆಗೆ ತೆಗೆದಿಟ್ಟಿದ್ದ ಮಾಂಸವನ್ನು ನಾಯಿ ತಿಂದುಬಿಡುತ್ತದೆ. ಹೆದರಿದ ಅಡುಗೆಯವನು ಸ್ಮಶಾನದ ಹೆಣದಿಂದ ಮಾಂಸ ತಂದು ಬಡಿಸುತ್ತಾನೆ, ಅಲ್ಲಿಂದ ಚಟ ಶುರು. ಎರಡೂ ಭೀಕರ ಕತೆಗಳು. ಆದರೆ ಎರಡರಲ್ಲೂ ಆ ಹೆಸರು ಕಳಚುತ್ತದೆ. ಮಕ್ಕಳನ್ನೆಲ್ಲ ಕಳೆದುಕೊಂಡ ವಸಿಷ್ಠರೇ ಹನ್ನೆರಡು ವರ್ಷದ ಮೇಲೆ ಕಲ್ಮಾಷಪಾದನ ಶಾಪ ಬಿಡಿಸುತ್ತಾರೆ. ಪೋರಿಸಾದ ಸುತಸೋಮನ ಮಾತು ಕೇಳಿ ಮನುಷ್ಯನಾಗುತ್ತಾನೆ. ಪುರುಷಾದ ಎಂಬುದು ಇಲ್ಲಿ ಬಂದು ಹೋಗುವ ಜ್ವರ. ಮತ್ತೆ ದೊರೆಯಾಗಿ ಊರಿಗೆ ಮರಳುವ ದಾರಿ ತೆರೆದೇ ಇರುತ್ತದೆ.

ಅಂಥ ದಾರಿ ಇಲ್ಲದ ಹೆಸರು ಹುಟ್ಟಿದ್ದು 1492ರ ನವೆಂಬರಿನಲ್ಲಿ, ಕ್ಯೂಬಾದ ಕರಾವಳಿಯಲ್ಲಿ. ಕೊಲಂಬಸ್ ತಾನು ಏಷ್ಯಾ ಮುಟ್ಟಿದ್ದೇನೆ ಎಂದೇ ನಂಬಿದ್ದ. ಹಡಗಿನಲ್ಲಿದ್ದ, ಆ ದ್ವೀಪಗಳ ಟೈನೊ ಜನರ ಭಾಷೆ ಅವನಿಗೆ ಬಾರದು, ಅವನದು ಅವರಿಗೆ ಬಾರದು. ಅವರು ಯಾವುದೋ ದಿಕ್ಕಿಗೆ ಕೈ ತೋರಿಸಿ ‘ಕನಿಬ’ ಎಂದು ಹೆದರಿಕೆಯಿಂದ ಹೇಳುತ್ತಿದ್ದರು. ಅಲ್ಲಿಯವರು ಒಕ್ಕಣ್ಣರು, ನಾಯಿಮುಖದವರು, ಮನುಷ್ಯರನ್ನು ತಿನ್ನುವವರು ಎಂದು ಕೊಲಂಬಸ್ ಅರ್ಥ ಮಾಡಿಕೊಂಡ. ಯುರೋಪಿನ ಹಳೆಯ ಪುಸ್ತಕಗಳಲ್ಲಿ ಲೋಕದ ಅಂಚಿನಲ್ಲಿ ಕೂತಿದ್ದವರು ಇವರೇ ತಾನೇ! ಡಿಸೆಂಬರ್ 11ರ ಹೊತ್ತಿಗೆ ಅವನ ದಿನಚರಿಯಲ್ಲಿ ಇನ್ನೊಂದು ಊಹೆ: ಕನಿಬ ಎಂದರೆ ಚೀನಾದ ಮಹಾ ಖಾನನ ಜನರೇ ಇರಬೇಕು. ಖಾನ್, ಕನಿಬ, ಧ್ವನಿ ಹೊಂದಿತಲ್ಲ. ಕಿವಿಗೆ ಬಿದ್ದ ಒಂದು ಪದ, ಓದಿದ್ದ ಕತೆ, ಮನಸ್ಸಿನ ಆಸೆ ಮೂರೂ ಸೇರಿ ‘ಕನಿಬಲ್’ ಹುಟ್ಟಿತು. ಇದೇ ಪದದ ಇನ್ನೊಂದು ರೂಪ ‘ಕರೀಬ್’. ವೆಸ್ಟ್ ಇಂಡೀಸ್ ಕ್ರಿಕೆಟ್ ನೋಡುವಾಗ ನಾವು ಹೇಳುವ ಕೆರಿಬಿಯನ್ ಅದರಿಂದಲೇ ಬಂದದ್ದು.

ಮರುವರ್ಷದ ಎರಡನೆಯ ಯಾನದಲ್ಲಿ ಗ್ವಾಡಲೂಪ್ ದ್ವೀಪದ ಮನೆಗಳಲ್ಲಿ ಮನುಷ್ಯರ ಕೈಕಾಲಿನ ನಾಲ್ಕೈದು ಎಲುಬು ಸಿಕ್ಕವು ಎಂದು ಹಡಗಿನ ವೈದ್ಯ ಚಾಂಕಾ ಬರೆದ. ಸತ್ತ ಹಿರಿಯರ ಎಲುಬನ್ನು ಮನೆಯಲ್ಲೇ ಇಟ್ಟುಕೊಳ್ಳುವ ಪದ್ಧತಿ ಆ ದ್ವೀಪಗಳಲ್ಲಿತ್ತು. ಆದರೆ ಬಂದವರ ತಲೆಯಲ್ಲಿ ಅಡುಗೆಮನೆಯ ಚಿತ್ರ ಆಗಲೇ ತಯಾರಾಗಿತ್ತು.

1503ರಲ್ಲಿ ಸ್ಪೇನಿನ ರಾಣಿ ಇಸಬೆಲ್ಲಾ ಒಂದು ಆಜ್ಞೆ ಹೊರಡಿಸಿದಳು. ಅಲ್ಲಿಯವರೆಗೆ ಆ ಕಡೆಯ ಜನರನ್ನು ಗುಲಾಮರನ್ನಾಗಿ ಮಾಡುವುದಕ್ಕೆ ಆಕೆಯ ಸಮ್ಮತಿ ಇರಲಿಲ್ಲ. ಈಗ ಒಂದು ಕಿಂಡಿ ತೆರೆಯಿತು: ಎದುರು ನಿಂತ ಕನಿಬಲ್‌ಗಳನ್ನು ಹಿಡಿಯಬಹುದು, ಮಾರಬಹುದು. ಮುಂದಿನದನ್ನು ಹೇಳಬೇಕಾಗಿಲ್ಲ. ಆಳು ಬೇಕಾದವರಿಗೆ ಎಲ್ಲ ದ್ವೀಪಗಳಲ್ಲೂ ಕನಿಬಲ್‌ಗಳೇ ಕಾಣತೊಡಗಿದರು. ಯಾವ ಪ್ರದೇಶದವರು ಕರೀಬರು, ಯಾವುದರವರು ಅಲ್ಲ ಎಂದು ನಿರ್ಧರಿಸಲು ರೊಡ್ರಿಗೊ ಡಿ ಫಿಗುರೋವಾ ಎಂಬ ಅಧಿಕಾರಿಯನ್ನೇ ಕಳಿಸಬೇಕಾಯಿತು. 1520ರಲ್ಲಿ ಅವನು ಪಟ್ಟಿ ಕೊಟ್ಟ. ಪಟ್ಟಿಯಲ್ಲಿ ಒಂದು ಊರಿನ ಹೆಸರು ಬಿದ್ದರೆ ಅಲ್ಲಿನ ಮಗುವೂ ಸರಕು. ಆ ಜನರ ವಂಶದವರು ಇಂದಿಗೂ ಡೊಮಿನಿಕಾ ದ್ವೀಪದಲ್ಲಿದ್ದಾರೆ. ತಮ್ಮನ್ನು ಅವರು ‘ಕಲಿನಾಗೊ’ ಎನ್ನುತ್ತಾರೆ. ಅವರ ನೆಲಕ್ಕೆ ಇದ್ದ ‘ಕರೀಬ್ ಪ್ರದೇಶ’ ಎಂಬ ಸರ್ಕಾರಿ ಹೆಸರು ‘ಕಲಿನಾಗೊ ಪ್ರದೇಶ’ ಎಂದು ಬದಲಾದದ್ದು 2015ರಲ್ಲಿ.

ಇಂಗ್ಲಿಷಿನ ‘ಮ್ಯಾನ್‌ಈಟರ್’ ಕೂಡ ಮೊದಲು ಮನುಷ್ಯರಿಗೇ ಇಟ್ಟ ಹೆಸರು. 1600ರ ಸುಮಾರಿಗೆ ಅದು ಬಳಕೆಗೆ ಬಂದಾಗ ಅರ್ಥ ಕನಿಬಲ್ ಎಂದೇ. ಹುಲಿಗೆ ಅದು ಅಂಟಿದ್ದು 19ನೇ ಶತಮಾನದಲ್ಲಿ, ಭಾರತದಲ್ಲಿದ್ದ ಬ್ರಿಟಿಷರ ಬರಹಗಳಲ್ಲಿ. ಹುಲಿಯ ತಲೆಗೆ ಸರ್ಕಾರ ಬಹುಮಾನ ಇಟ್ಟಿತ್ತು. ಕಾಡು ಕಡಿದು ಹೊಲ ಮಾಡಿದರೆ ಕಂದಾಯ ಬರುತ್ತದೆ, ಹುಲಿ ಅದಕ್ಕೆ ಅಡ್ಡಿ. 1875ರಿಂದ 1925ರವರೆಗಿನ 50 ವರ್ಷಗಳಲ್ಲಿ 80,000ಕ್ಕೂ ಹೆಚ್ಚು ಹುಲಿಗಳು ಸತ್ತವು ಎಂದು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕ ಹಾಕಿದ್ದಾರೆ. ಅವುಗಳಲ್ಲಿ ಮನುಷ್ಯರನ್ನು ಮುಟ್ಟಿದವು ಎಷ್ಟಿದ್ದಾವು? ಕೆಲವೇ ಹುಲಿಗಳ ಹೆಸರು ಇಡೀ ಕುಲದ ಹೆಸರಾಯಿತು, ಕೆಲವು ದ್ವೀಪದವರ ಹೆಸರು ಒಂದು ಖಂಡದ ಜನರ ಹೆಸರಾದ ಹಾಗೆ.

ಬೇಟೆಗಾರ ಜಿಮ್ ಕಾರ್ಬೆಟ್ ಇಲ್ಲಿ ಬೇರೆಯಾಗಿ ನಿಲ್ಲುತ್ತಾರೆ. ಅವರ ಪುಸ್ತಕದ ಹೆಸರೇ ‘ಮ್ಯಾನ್‌ಈಟರ್ಸ್ ಆಫ್ ಕುಮಾವೋನ್’, 1944ರದ್ದು. ಆದರೂ ಆ ಪದವನ್ನು ಅವರಷ್ಟು ಲೆಕ್ಕ ಹಾಕಿ ಬಳಸಿದವರು ಕಡಿಮೆ. ಚಂಪಾವತದ ಹೆಣ್ಣುಹುಲಿ ನೇಪಾಳ ಮತ್ತು ಕುಮಾವೋನ್‌ನಲ್ಲಿ 436 ಜನರನ್ನು ಕೊಂದಿತ್ತು ಎಂದು ಅವರು ಬರೆಯುತ್ತಾರೆ. 1907ರಲ್ಲಿ ಅದನ್ನು ಹೊಡೆಯಲು ಒಪ್ಪುವ ಮುಂಚೆ ಅವರು ಎರಡು ಷರತ್ತು ಹಾಕಿದರು. ಬಹುಮಾನ ರದ್ದಾಗಬೇಕು, ಕೋವಿ ಹಿಡಿದು ತಿರುಗುತ್ತಿದ್ದ ಉಳಿದವರನ್ನೆಲ್ಲ ವಾಪಸ್ ಕರೆಸಬೇಕು. ಹುಲಿ ಸತ್ತ ಮೇಲೆ ಬಾಯಿ ತೆರೆದು ನೋಡಿದರು. ಬಲಗಡೆಯ ಕೋರೆಹಲ್ಲು ಮೇಲಿನದು ಅರ್ಧಕ್ಕೆ, ಕೆಳಗಿನದು ಎಲುಬಿನವರೆಗೆ ಮುರಿದಿತ್ತು. ಹಳೆಯ ಗುಂಡೇಟು. ಸಹಜ ಬೇಟೆ ಆಡಲಾಗದೆ ಅದು ಮನುಷ್ಯರ ಮೇಲೆ ಬಿದ್ದಿತ್ತು. ಮುಕ್ತೇಶ್ವರದ ಹೆಣ್ಣುಹುಲಿಯದು ಇನ್ನೂ ಸಂಕಟದ ಕತೆ. ಮುಳ್ಳುಹಂದಿಯ ಜೊತೆ ಹೋರಾಡಿ ಒಂದು ಕಣ್ಣು ಹೋಗಿತ್ತು, ಮುಂಗಾಲಿನಲ್ಲಿ ಸುಮಾರು 50 ಮುಳ್ಳು ನಾಟಿ ಕೀವಾಗಿತ್ತು. ಹಸಿದು, ಗಾಯ ನೆಕ್ಕುತ್ತಾ ಪೊದೆಯಲ್ಲಿ ಮಲಗಿದ್ದಾಗ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಅದರ ಹತ್ತಿರಕ್ಕೇ ಬಂದಳು. ಆ ಮೊದಲ ಸಾವಿನಲ್ಲಿ ಹುಲಿ ದೇಹವನ್ನು ತಿನ್ನಲಿಲ್ಲ ಎಂದು ಕಾರ್ಬೆಟ್ ದಾಖಲಿಸಿದ್ದಾರೆ. ಈ ಒಂದು ವಿವರವನ್ನು ಬಿಡದೆ ಬರೆದದ್ದಕ್ಕೆ ಅವರ ಬಗ್ಗೆ ನನಗೆ ಗೌರವ ಹೆಚ್ಚು.

ರುದ್ರಪ್ರಯಾಗದ ಚಿರತೆ 1918ರಿಂದ 1926ರವರೆಗೆ 125 ಜನರನ್ನು ಕೊಂದಿತು. 1918 ಎಂದರೆ ಇನ್‌ಫ್ಲುಯೆಂಜಾದ ವರ್ಷ. ಸುಡಲು ಪುರುಸೊತ್ತಿಲ್ಲದೆ ಬೆಟ್ಟದ ಜನ ಹೆಣದ ಬಾಯಲ್ಲಿ ಒಂದು ಕೆಂಡ ಇಟ್ಟು ಕಣಿವೆಗೆ ತಳ್ಳುತ್ತಿದ್ದರು, ಚಿರತೆಗಳಿಗೆ ಮನುಷ್ಯಮಾಂಸ ಅಭ್ಯಾಸವಾದದ್ದು ಹಾಗೆ ಎಂಬುದು ಕಾರ್ಬೆಟ್ಟರ ವಿವರಣೆ. ಆ ಸೀಮೆಯ ಜನ ಇದು ಚಿರತೆಯಲ್ಲ, ರಾತ್ರಿ ಚಿರತೆಯಾಗುವ ಮನುಷ್ಯ ಎಂದು ನಂಬಿ ಸಾಧುವೊಬ್ಬರನ್ನು ಕೊಲ್ಲುವ ಹಂತಕ್ಕೂ ಹೋಗಿದ್ದರಂತೆ. ಹೆಸರು ಪ್ರಾಣಿಯಿಂದ ಮನುಷ್ಯನ ಮೇಲೆ ಹಾರುವುದಕ್ಕೆ ಒಂದು ರಾತ್ರಿ ಸಾಕು.

ಆಫ್ರಿಕಾದ ಕೀನ್ಯಾದಲ್ಲಿ ನಡೆದ ಸಾವೊ ಪ್ರಸಂಗದಲ್ಲಿ ಸತ್ತವರಲ್ಲಿ ನಮ್ಮವರೂ ಇದ್ದರು. 1898ರಲ್ಲಿ ಉಗಾಂಡಾ ರೈಲಿನ ಸೇತುವೆ ಕಟ್ಟಲು ಭಾರತದಿಂದ ಕರೆದೊಯ್ದ ಕೂಲಿಗಳನ್ನು ಎರಡು ಸಿಂಹಗಳು ತಿಂಗಳುಗಟ್ಟಲೆ ಡೇರೆಯಿಂದ ಎಳೆದೊಯ್ದವು. ಅವನ್ನು ಡಿಸೆಂಬರಿನಲ್ಲಿ ಕೊಂದ ಜಾನ್ ಪ್ಯಾಟರ್‌ಸನ್ 1907ರಲ್ಲಿ ಪುಸ್ತಕ ಬರೆದ. 28 ಭಾರತೀಯರು ಸತ್ತರು, ಆಫ್ರಿಕನ್ನರು ಎಷ್ಟೆಂದು ಲೆಕ್ಕವೇ ಇಟ್ಟಿಲ್ಲ ಎಂದ. ನರ ಎಂದರೆ ಯಾರು ಎಂಬುದನ್ನು ರೈಲ್ವೆಯ ರಿಜಿಸ್ಟರು ತೀರ್ಮಾನಿಸಿತ್ತು. ವರ್ಷಗಳು ಕಳೆದಂತೆ ಆ ಸಂಖ್ಯೆ 135ಕ್ಕೆ ಏರಿತು. ಸಿಂಹಗಳ ಚರ್ಮವೂ ತಲೆಬುರುಡೆಯೂ ಚಿಕಾಗೊದ ಫೀಲ್ಡ್ ಮ್ಯೂಸಿಯಮ್ಮಿನಲ್ಲಿವೆ. 2009ರಲ್ಲಿ ವಿಜ್ಞಾನಿಗಳು ಅವುಗಳ ಕೂದಲು, ಎಲುಬಿನ ರಾಸಾಯನಿಕ ಪರೀಕ್ಷೆಯಿಂದ ಎರಡೂ ಸೇರಿ ತಿಂದದ್ದು ಸುಮಾರು 35 ಜನರನ್ನು ಎಂದು ಅಂದಾಜು ಮಾಡಿದರು. ಒಂದು ಸಿಂಹದ ಕೋರೆಹಲ್ಲು ಮುರಿದು ದವಡೆ ಕೀವುಗಟ್ಟಿತ್ತು. ಹೆಚ್ಚು ಜನರನ್ನು ತಿಂದದ್ದೂ ಅದೇ.

ಕನ್ನಡದಲ್ಲಿ ನರಭಕ್ಷಕ ಎಂಬ ಪದ ಮನೆಮಾತಾದದ್ದು, ನನ್ನ ಮಟ್ಟಿಗಂತೂ, ಪೂರ್ಣಚಂದ್ರ ತೇಜಸ್ವಿಯವರಿಂದ. ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್‌ಸನ್ನರ ಬೇಟೆಯ ಅನುಭವಗಳನ್ನು ಅವರು ‘ಕಾಡಿನ ಕತೆಗಳು’ ಎಂಬ ಸರಣಿಯಾಗಿ ಕೊಟ್ಟರು. ಅದರ ಒಂದು ಪುಸ್ತಕ ‘ಬೆಳ್ಳಂದೂರಿನ ನರಭಕ್ಷಕ’. ಕಾರ್ಬೆಟ್ಟರ ಚಿರತೆ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ಆಯಿತು. ನಮ್ಮ ಪೀಳಿಗೆಯವರು ಲೈಬ್ರರಿಯಿಂದ ತಂದು, ರಾತ್ರಿ ದೀಪ ಆರಿಸಲು ಹೆದರುತ್ತಾ ಓದಿದ ಪುಸ್ತಕಗಳಿವು. ತೇಜಸ್ವಿಯವರ ಪುಟಗಳಲ್ಲಿ ಆ ಪದದ ಹಿಂದೆ ಮುಂದೆ ಗಾಯಗೊಂಡ ಪ್ರಾಣಿ, ಕಳ್ಳಬೇಟೆ, ಬಡ ಹಳ್ಳಿ ಎಲ್ಲ ಇರುತ್ತಿದ್ದವು. ಪತ್ರಿಕೆಯ ತಲೆಬರಹಕ್ಕೆ ಬರುವಾಗ ಅವೆಲ್ಲ ಉದುರಿಹೋಗಿ ಪದ ಮಾತ್ರ ಬಂತು. ಕಾಡಂಚಿನವರು ಹೀಗೆ ಮಾತಾಡುವುದನ್ನು ನಾನು ಕೇಳಿಲ್ಲ. ಅವರು ಹುಲಿ ‘ಹೊಡೀತು’ ಎನ್ನುತ್ತಾರೆ, ‘ಹಿಡೀತು’ ಎನ್ನುತ್ತಾರೆ.

ಕೆಲವು ವರ್ಷಗಳ ಹಿಂದೆ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಮನೆಗೆ ಹೋಗಿದ್ದೆ. ದನ ಕಾಯಲು ಹೋದ ಯಜಮಾನರು ಹುಲಿಯಿಂದ ಸತ್ತು ಮೂರು ತಿಂಗಳಾಗಿತ್ತು. ಮಗಳು ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಪರಿಹಾರದ ಹಣ, ಕಾಡಿನ ಬೇಲಿ ಇವೆಲ್ಲ ಮಾತಾಡುತ್ತಾಳೆ ಎಂದುಕೊಂಡಿದ್ದೆ. ಅವಳ ಮನಸ್ಸಿನಲ್ಲಿ ಇದ್ದದ್ದು ಬೇರೆ.

“ಅಕ್ಕಾ, ಹುಲಿ ಹೊಡ್ದದ್ದು ದಿಟ. ಕುತ್ಗೆಗೆ ಬಾಯಾಕ್ತು. ಜೊತೇಲಿದ್ದೋರು ಕೂಗಾಡ್ದೇಟ್ಗೆ ಬುಟ್ಟು ಓಡೋಯ್ತು. ತಿಂದಿಲ್ಲ ಕಣಕ್ಕಾ. ನಮ್ಮಪ್ಪನ ಮಯ್ಯಿ ನಾವೇ ತೊಳ್ದೋ, ನಾವೇ ಮಣ್ಣು ಮಾಡ್ದೋ. ಪೇಪರಲ್ಲಿ ನರಭಕ್ಷಕ ಅಂತ ಹಾಕುದ್ರು. ನೋಡ್ದ ನೆಂಟ್ರು ಬಂದು, ಏನಾರ ಉಳ್ದಿತ್ತಾ ಅಂತ ಕೇಳ್ತಾರ. ಏನಂತ ಹೇಳದು?”

ಹೇಳುವಾಗ ಅವಳ ಕೈ ನಿಲ್ಲಲಿಲ್ಲ, ಕಾಳು ಮೊರಕ್ಕೆ ಬೀಳುತ್ತಲೇ ಇದ್ದವು. ಆ ಪದ ಹುಲಿಗೆ ಮಾಡುವ ಅನ್ಯಾಯದ ಬಗ್ಗೆ ಎಷ್ಟೋ ಜನ ಬರೆದಿದ್ದಾರೆ. ಸತ್ತ ಮನುಷ್ಯನನ್ನು ಅದು ಮಾಂಸ ಮಾಡಿಬಿಡುತ್ತದೆ ಎಂಬುದನ್ನು ನನಗೆ ಹೇಳಿದವಳು ಈ ಹೆಣ್ಣುಮಗಳು. ತಂದೆಯ ದೇಹವನ್ನು ಇಡಿಯಾಗಿ ಮಣ್ಣಿಗೆ ಒಪ್ಪಿಸಿದ್ದೇವೆ ಎಂಬುದು ಆ ಮನೆಗೆ ಉಳಿದ ಒಂದೇ ಸಮಾಧಾನ. ಅದನ್ನೂ ತಲೆಬರಹ ಕಿತ್ತುಕೊಂಡಿತ್ತು.

ಭಯವನ್ನು ನಾನು ಕೀಳು ಮಾಡುತ್ತಿಲ್ಲ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ, ಅವುಗಳ ಪಕ್ಕದಲ್ಲಿ ರಾತ್ರಿ ಹೊಲಕ್ಕೆ ನೀರು ಕಟ್ಟುವವರು ಇದ್ದಾರೆ. ಮನುಷ್ಯರ ಮೇಲೆ ಮತ್ತೆ ಮತ್ತೆ ಬೀಳುವ ಹುಲಿಯನ್ನು ಅಲ್ಲಿಂದ ತೆಗೆಯಲೇಬೇಕು, ಬೇಗ ತೆಗೆಯಬೇಕು. ಆದರೆ ಕಾನೂನು ಈ ಕೆಲಸಕ್ಕೆ ಬೇರೆ ಮಾತು ಬಳಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ನರಭಕ್ಷಕ ಎಂಬ ಪದವೇ ಇಲ್ಲ. ‘ಮನುಷ್ಯರ ಜೀವಕ್ಕೆ ಅಪಾಯಕಾರಿ’ ಎಂದಿದೆ. ಹಾಗೆಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆ ಆಗಬೇಕು, ಕಾರಣ ಬರೆದು ಲಿಖಿತ ಆದೇಶ ಕೊಡಬೇಕು. ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆಗೆ ಸಾಗಿಸಲು ಆಗುವುದೇ ಇಲ್ಲ ಎಂದಾದರೆ ಮಾತ್ರ ಕೊಲ್ಲುವ ಮಾತು. ಈ ವಾಕ್ಯದಲ್ಲಿ ತಿನ್ನುವ ಪ್ರಸ್ತಾಪವಿಲ್ಲ. ಪ್ರಾಣಿಯ ಸ್ವಭಾವದ ಮೇಲೆ ಷರಾ ಇಲ್ಲ. ಅಪಾಯ ಇದೆಯೇ, ತಪ್ಪಿಸುವುದು ಹೇಗೆ ಎಂಬ ಎರಡೇ ಪ್ರಶ್ನೆ.

ಬಗ್ಗಿ ಕೂತು ಹುಲ್ಲು ಕೊಯ್ಯುವವರನ್ನು ಜಿಂಕೆಯೆಂದು ಭ್ರಮಿಸಿ ಹೊಡೆಯುವ ಹುಲಿ ಇದೆ. ಮರಿಯ ಹತ್ತಿರ ಬಂದರೆಂದು ಎರಗುವ ತಾಯಿ ಇದೆ. ಹಿಡಿದ ದನವನ್ನು ಬಿಡಿಸಿಕೊಳ್ಳಲು ಹೋದವರ ಮೇಲೆ ತಿರುಗುವುದೂ ಉಂಟು. ಮನುಷ್ಯರನ್ನೇ ಹುಡುಕಿ ಬರುವ ಹುಲಿ ಇವೆಲ್ಲಕ್ಕಿಂತ ಬೇರೆ, ಬಹಳ ಅಪರೂಪ. ಅದು ಇದೇ ಹುಲಿ ಎಂದು ತಿಳಿಯಲು ಹೆಜ್ಜೆ ಗುರುತು ನೋಡುತ್ತಾರೆ, ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಸಿಕ್ಕ ಪಟ್ಟೆಗಳನ್ನು ಹೊಂದಿಸುತ್ತಾರೆ. ಬೆರಳಚ್ಚಿನ ಹಾಗೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. 2019ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ ಸುತ್ತ ಇಬ್ಬರು ರೈತರ ಸಾವಿಗೆ ಕಾರಣವಾದ ಹುಲಿಯನ್ನು ಹುಡುಕಲು ಸಾಕಾನೆಗಳು ಬಂದವು, ದಿನಗಟ್ಟಲೆ ಕೂಂಬಿಂಗ್ ನಡೆಯಿತು. ಜನರ ಸಿಟ್ಟು ಎಷ್ಟಿದ್ದರೂ ಕೊನೆಗೆ ಅರಿವಳಿಕೆ ಚುಚ್ಚಿ ಅದನ್ನು ಜೀವಸಹಿತ ಹಿಡಿದರು. ಕ್ಟೀಸಿಯಸ್ ಹೇಳಿದ ಆನೆ ಮೇಲಿನ ಹುಡುಕಾಟ ಇಂದಿಗೂ ನಡೆಯುತ್ತಿದೆ, ಕೈಯಲ್ಲಿರುವುದು ಮಾತ್ರ ಬದಲಾಗಿದೆ.

ಡೆಸ್ಕಿನ ಹೊಸ ಹುಡುಗರು ಈಗಲೂ ಒಮ್ಮೊಮ್ಮೆ ಫೋನ್ ಮಾಡುತ್ತಾರೆ. “ಮೇಡಂ, ಎಚ್.ಡಿ. ಕೋಟೆಯಿಂದ ಸುದ್ದಿ ಬಂದಿದೆ, ನರಭಕ್ಷಕ ಅಂತ ಹಾಕ್ಬಹುದಾ?” ನಾನು ಮೊದಲು ಕೇಳುವುದು ದೇಹ ಹೇಗೆ ಸಿಕ್ಕಿತು ಎಂದು. ಆಮೇಲೆ, ಸತ್ತವರು ಅಲ್ಲಿ ಏನು ಮಾಡುತ್ತಿದ್ದರು, ಹಿಂದಿನ ಸಾವಿಗೂ ಇದಕ್ಕೂ ಒಂದೇ ಹುಲಿ ಎಂದು ಹೇಳಿದವರು ಯಾರು, ಪಟ್ಟೆ ಹೊಂದಿದೆಯಾ, ಇಲಾಖೆಯ ಆದೇಶ ಬಂದಿದೆಯಾ. ಸಾಮಾನ್ಯವಾಗಿ ಸಂಜೆ ಏಳರ ಹೊತ್ತಿಗೆ ಇವುಗಳಲ್ಲಿ ಒಂದಕ್ಕೂ ಉತ್ತರ ಇರುವುದಿಲ್ಲ. ಹಾಗಾದರೆ ‘ಹುಲಿ ದಾಳಿ: ರೈತ ಸಾವು’ ಎಂದು ಹಾಕಿ, ಸತ್ತವರ ಹೆಸರು, ವಯಸ್ಸು ಸರಿಯಾಗಿ ಬರೆಯಿರಿ, ಮನೆಯಲ್ಲಿ ಯಾರಿದ್ದಾರೆ ಎಂದು ವರದಿಗಾರನನ್ನು ಕೇಳಿ ಎನ್ನುತ್ತೇನೆ.